ಸಿಲಿಂಡರ್ ಹೆಡ್ ಪೋರ್ಟಿಂಗ್ ಮನೆಯಲ್ಲೇ ಮಾಡಬಹುದಾ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಫೋರ್ ಸ್ಟ್ರೋಕ್ ಬೈಕ್ ಇದೆ. ಹೆಡ್ ಬಿಚ್ಚಿದಾಗ ಪೋರ್ಟ್ ಒಳಗೆಲ್ಲ ತುಂಬಾ ಒರಟಾಗಿ ಕಂಡಿತು. ಗ್ರೈಂಡರ್ ತಂದು ಮನೆಯಲ್ಲೇ ಪೋರ್ಟ್ ದೊಡ್ಡದು ಮಾಡಿ, ಕನ್ನಡಿ ಥರ ಪಾಲಿಶ್ ಹೊಡೆದರೆ ಪಿಕಪ್ ಜಾಸ್ತಿ ಆಗುತ್ತಾ?

ಪೋರ್ಟಿಂಗ್ ಅಂದರೆ ಸಿಲಿಂಡರ್ ಮೇಲೆ ಕೂರುವ ಹೆಡ್ ಒಳಗೆ ಗಾಳಿ, ಹೊಗೆ ಓಡಾಡುವ ದಾರಿಗಳನ್ನು (ಪೋರ್ಟ್‌ಗಳನ್ನು) ತಿದ್ದುವುದು. ಮನೆಯಲ್ಲಿ ಖಂಡಿತ ಮಾಡಬಹುದು. ಆದರೆ ನೀವು ಹೇಳಿದ ಎರಡು ಕೆಲಸಗಳನ್ನೇ ಮಾಡಬೇಡಿ. ಪೋರ್ಟ್ ದೊಡ್ಡದು ಮಾಡಬೇಡಿ, ಇನ್‌ಟೇಕ್ ಕಡೆ, ಅಂದರೆ ಗಾಳಿ ಒಳಬರುವ ಕಡೆ, ಕನ್ನಡಿ ಪಾಲಿಶ್ ಹೊಡೆಯಬೇಡಿ. ಈ ಪ್ರಶ್ನೆ ಕೇಳುವ ಹತ್ತರಲ್ಲಿ ಒಂಬತ್ತು ಜನರ ಮನಸ್ಸಿನಲ್ಲಿ ಇವೆರಡೇ ಇರುತ್ತವೆ. ಎಷ್ಟೋ ಒಳ್ಳೆಯ ಹೆಡ್‌ಗಳು ಕೆಟ್ಟಿರುವುದೂ ಇವೆರಡರಿಂದಲೇ.

ಮೊದಲು ದೊಡ್ಡದು ಮಾಡುವ ವಿಷಯ ನೋಡೋಣ. ಗಾಳಿಗೂ ತೂಕ ಇದೆ. ವೇಗವಾಗಿ ಬರುತ್ತಿರುವ ಗಾಳಿ, ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲಕ್ಕೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ಸಿಲಿಂಡರ್ ಒಳಗೆ ನುಗ್ಗುತ್ತಲೇ ಇರುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವ ಹಾಗೆ ಅದನ್ನು ಎತ್ತಿ ಇಳಿಸುವ ಕ್ಯಾಮ್ ಮಾಡಿರುವುದು ಇದೇ ಲಾಭಕ್ಕೆ. ಈಗ 25 ಮಿ.ಮೀ. ಅಗಲದ ಪೋರ್ಟನ್ನು 27ಕ್ಕೆ ತಂದಿರಿ ಅಂದುಕೊಳ್ಳಿ. ಬರೀ 2 ಮಿ.ಮೀ. ಅಲ್ವಾ ಅನ್ನಿಸುತ್ತದೆ. ಆದರೆ ಪೋರ್ಟಿನ ವಿಸ್ತೀರ್ಣ ಸುಮಾರು ಶೇ. 17ರಷ್ಟು ಹೆಚ್ಚಾಯಿತು. ಅದೇ ಆರ್‌ಪಿಎಂನಲ್ಲಿ ಅಷ್ಟೇ ಗಾಳಿ ಹರಿದರೆ ಅದರ ವೇಗ ಶೇ. 14ರಷ್ಟು ಕಡಿಮೆಯಾಯಿತು. ಸಿಗ್ನಲ್‌ನಿಂದ ಹೊರಡುವಾಗ, ಗುಡ್ಡ ಹತ್ತುವಾಗ ಬೇಕಾದ ಎಳೆತ ಕೆಳಗಿನ ಆರ್‌ಪಿಎಂನಲ್ಲಿ ಸಿಗಬೇಕು. ಅಲ್ಲೇ ಎಂಜಿನ್ ಸೋಲುತ್ತದೆ. ಪಿಕಪ್ ಹುಡುಕಿಕೊಂಡು ಹೋದವರು ಪಿಕಪ್ಪನ್ನೇ ಕಳೆದುಕೊಳ್ಳುವುದು ಹೀಗೆ.

ಹಾಗಾದರೆ ಗಾಳಿಗೆ ಅಡ್ಡಿ ಎಲ್ಲಿದೆ? ನೇರ ಕೊಳವೆಯಂತಿರುವ ಭಾಗದಲ್ಲಿ ಅಷ್ಟೇನೂ ಇಲ್ಲ. ವಾಲ್ವ್ ಹತ್ತಿರ ಗಾಳಿ ತಿರುಗಬೇಕಾದ ಜಾಗದಲ್ಲಿದೆ. ಹೊರಗಿನಿಂದ ಬಂದ ಪೋರ್ಟ್ ವಾಲ್ವ್ ಸೀಟಿನ (ಮುಚ್ಚಿದಾಗ ವಾಲ್ವ್ ಒರಗಿ ಕೂರುವ ರಿಂಗಿನ) ಕಡೆ ಬಾಗುತ್ತದೆ. ಆ ಬಾಗಿನ ಒಳಬದಿಗೆ ಶಾರ್ಟ್ ಸೈಡ್ ಅನ್ನುತ್ತಾರೆ. ಅಲ್ಲಿ ತಿರುವು ಚೂಪಾಗಿದ್ದರೆ ಗಾಳಿ ಗೋಡೆ ಬಿಟ್ಟು ಹಾರುತ್ತದೆ. ಹಾರಿದ ಜಾಗದಲ್ಲಿ ಸುಳಿ ಏಳುತ್ತದೆ, ವಾಲ್ವಿನ ಆ ಬದಿ ಕೆಲಸಕ್ಕೇ ಬರುವುದಿಲ್ಲ. ಬೈಕಿನಲ್ಲಿ ವೇಗವಾಗಿ ತಿರುವಿಗೆ ನುಗ್ಗಿದವನು ರಸ್ತೆಯ ಹೊರ ಅಂಚಿಗೆ ಸರಿಯುವ ಹಾಗೆಯೇ ಇದು. ರಸ್ತೆ ಎಷ್ಟೇ ಅಗಲ ಇದ್ದರೂ ತಿರುವು ಸರಿಯಿಲ್ಲದಿದ್ದರೆ ಉಪಯೋಗವಿಲ್ಲ.

ಇನ್ನೊಂದು ಲೆಕ್ಕವೂ ಮನಸ್ಸಿನಲ್ಲಿರಲಿ. ವಾಲ್ವ್ ಸ್ವಲ್ಪ ಎದ್ದಾಗ ಗಾಳಿಗೆ ಸಿಗುವ ದಾರಿ ಎಂದರೆ ವಾಲ್ವಿನ ಸುತ್ತಳತೆ ಗುಣಿಸು ಅದು ಎದ್ದ ಎತ್ತರ. 34 ಮಿ.ಮೀ. ವಾಲ್ವ್ ಆದರೆ ಅದು 8.5 ಮಿ.ಮೀ. ಎದ್ದಾಗ ಮಾತ್ರ ಈ ಸಂದು ವಾಲ್ವಿನ ಮುಖದ ವಿಸ್ತೀರ್ಣಕ್ಕೆ ಸಮ ಆಗುತ್ತದೆ. ಅಂದರೆ ವ್ಯಾಸದ ಕಾಲು ಭಾಗ. ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ಎದ್ದಾಗಲೂ ಇಷ್ಟು ಏಳುವುದಿಲ್ಲ. ಎದ್ದರೂ ಅಲ್ಲಿ ನಿಲ್ಲುವುದು ಒಂದು ಕ್ಷಣ. ಉಳಿದ ಹೊತ್ತೆಲ್ಲ ಗಾಳಿಯನ್ನು ಹಿಡಿದಿಡುವುದು ಸೀಟು ಮತ್ತು ವಾಲ್ವ್ ಸುತ್ತಲಿನ ಜಾಗವೇ. ಹಿಂದಿನ ಪೋರ್ಟನ್ನು ಬಾವಿಯಷ್ಟು ಅಗಲ ಮಾಡಿದರೂ ಇದು ಬದಲಾಗುವುದಿಲ್ಲ.

ಆದ್ದರಿಂದ ಮನೆಯಲ್ಲಿ ಕೆಲಸ ಮಾಡುವವರಿಗೆ ನನ್ನ ಸಲಹೆ ಒಂದೇ: ಸೀಟಿನಿಂದ ಪೋರ್ಟ್ ಒಳಗೆ ಒಂದು, ಒಂದೂವರೆ ಸೆಂಟಿಮೀಟರ್. ಅಷ್ಟರೊಳಗೇ ಇರಿ. ಲಾಭದ ದೊಡ್ಡ ಪಾಲು ಅಲ್ಲೇ ಇದೆ. ಅಪಾಯವೂ ಕಡಿಮೆ.

ಅಲ್ಲಿ ಏನು ಮಾಡಬೇಕು? ಕಂಪನಿಯಲ್ಲಿ ಹೆಡ್ ಎರಕ ಹೊಯ್ದ ಮೇಲೆ ಸೀಟಿನ ಕೆಳಗೆ ಒಂದು ಕಟರ್ ಇಳಿಸಿರುತ್ತಾರೆ. ಆ ಕಟರ್ ನಿಂತ ಜಾಗದಲ್ಲಿ ಒಂದು ಚೂಪು ಅಂಚು ಉಳಿದಿರುತ್ತದೆ. ಬೆರಳು ಹಾಕಿದರೆ ಸಿಗುತ್ತದೆ. ಸೀಟ್ ರಿಂಗ್ ಮತ್ತು ಅಲ್ಯೂಮಿನಿಯಂ ಸೇರುವಲ್ಲೂ ಮೆಟ್ಟಿಲು ಇರುವುದುಂಟು. ಇವನ್ನು ತೆಗೆದು ಸೀಟಿನ ಕೆಳಗಿನ ಬಾಗನ್ನು ನಯವಾಗಿ ಸೇರಿಸುವುದೇ ಮೊದಲ ಕೆಲಸ. ಸೀಟಿನ ಕೆಳಗೆ ಅತಿ ಕಿರಿದಾದ ಜಾಗವನ್ನು ಥ್ರೋಟ್ ಅನ್ನುತ್ತಾರೆ. ಅದರ ವ್ಯಾಸ ವಾಲ್ವಿನ ವ್ಯಾಸದ ಶೇ. 85ರಿಂದ 90ರೊಳಗೆ ಇರಲಿ. 34 ಮಿ.ಮೀ. ವಾಲ್ವಿಗೆ 30 ಮಿ.ಮೀ. ಹತ್ತಿರ ಬಂದರೆ ಸಾಕು, ನಿಲ್ಲಿಸಿ. ಅದಕ್ಕಿಂತ ದೊಡ್ಡದಾದರೆ ಗಾಳಿ ಸೀಟಿನ ಕಡೆಗೆ ಹರಡಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಶಾರ್ಟ್ ಸೈಡ್ ಬಾಗನ್ನು ದುಂಡಗೆ ಮಾಡಿ, ಆದರೆ ತಗ್ಗಿಸಬೇಡಿ. ಇದು ತುಂಬಾ ಮುಖ್ಯ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಯಾಕೆಂದರೆ ಟೂಲ್ ಸುಲಭವಾಗಿ ತಾಗುವುದೇ ಪೋರ್ಟಿನ ನೆಲಕ್ಕೆ. ನೆಲ ಕೆಳಗೆ ಹೋದಷ್ಟೂ ತಿರುವು ಇನ್ನೂ ಚೂಪಾಗುತ್ತದೆ. ಎಲ್ಲಾದರೂ ಲೋಹ ತೆಗೆಯಲೇಬೇಕು ಅಂದರೆ ಚಾವಣಿಯ ಕಡೆ, ಗೈಡಿನ (ವಾಲ್ವಿನ ಕಡ್ಡಿ ಜಾರುವ ಕೊಳವೆಯ) ಅಕ್ಕಪಕ್ಕ ತೆಗೆಯಿರಿ. ವಾಲ್ವ್ ಗೈಡ್ ಸುತ್ತಲಿನ ದಪ್ಪ ಗಂಟನ್ನು ಎರಡು ಬದಿಯಿಂದ ಸಣ್ಣ ಮಾಡಬಹುದು. ಗೈಡನ್ನೇ ಕತ್ತರಿಸಿ ಪೋರ್ಟಿಗೆ ಸಮ ಮಾಡುವುದು ರೇಸ್ ಎಂಜಿನ್‌ಗೆ ಸರಿ. ದಿನಾ ಓಡಾಡುವ ಗಾಡಿಗೆ ಬೇಡ. ವಾಲ್ವ್ ಅಲುಗಾಡದೆ ನಿಲ್ಲುವುದು ಗೈಡಿನಿಂದ. ವಾಲ್ವಿನ ಬಿಸಿ ಹೊರಗೆ ಹೋಗುವ ಒಂದು ದಾರಿಯೂ ಅದೇ.

ಸೀಟನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. 45 ಡಿಗ್ರಿ ಸೀಟು, ಅದರ ಮೇಲೆ 30, ಕೆಳಗೆ 60, ಹೀಗೆ ಮೂರು ಕೋನದ ಕಟಿಂಗ್ ಒಳ್ಳೆಯ ಮಷಿನ್ ಶಾಪ್‌ನಲ್ಲಿ ಮಾಡಿಕೊಡುತ್ತಾರೆ. ಹಣ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಸೀಟನ್ನು ತೀರಾ ಸಣ್ಣ ಮಾಡಿಸಬೇಡಿ, ಅದರಲ್ಲೂ ಎಕ್ಸಾಸ್ಟ್ ಕಡೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಹೆಚ್ಚಿನ ಪಾಲನ್ನು ಸೀಟಿಗೆ ಒರಗಿದಾಗಲೇ ಬಿಟ್ಟುಕೊಡುತ್ತದೆ. ಒರಗುವ ಜಾಗ ಕಡಿಮೆಯಾದರೆ ವಾಲ್ವ್ ಸುಡುತ್ತದೆ.

ಟೂಲ್‌ಗಳಿಗೆ ಬರೋಣ. ವಿದ್ಯುತ್ತಿನ ಸ್ಟ್ರೈಟ್ ಗ್ರೈಂಡರ್ ಅಥವಾ ಡೈ ಗ್ರೈಂಡರ್, 6 ಮಿ.ಮೀ. ಶ್ಯಾಂಕ್ (ಬರ್‌ನ ಹಿಂದಿನ ಕಡ್ಡಿ) ಹಿಡಿಯುವಂಥದ್ದು ಸಾಕು. ವೇಗ ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಗಾಳಿಯಲ್ಲಿ ಓಡುವ ಗ್ರೈಂಡರ್ ಹಗುರವೇನೋ ಹೌದು, ಆದರೆ ಮನೆಯ ಪುಟ್ಟ ಕಂಪ್ರೆಸರ್ ಅದರ ಹಸಿವಿಗೆ ಸಾಲುವುದಿಲ್ಲ. ಕಾರ್ಬೈಡ್ ಬರ್ (ಗ್ರೈಂಡರ್‌ಗೆ ಹಾಕುವ, ಲೋಹ ಕೆತ್ತುವ ಹಲ್ಲಿನ ತುದಿ) ಕೊಳ್ಳುವಾಗ ನಿಮ್ಮ ಹೆಡ್ ಯಾವ ಲೋಹ ಅಂತ ಅಂಗಡಿಯವರಿಗೆ ಹೇಳಿ. ಅಲ್ಯೂಮಿನಿಯಂಗೆ ಅಗಲ ಹಲ್ಲಿನ ಬರ್ ಬೇಕು. ಸಣ್ಣ ಹಲ್ಲಿನದು ಹಾಕಿದರೆ ಲೋಹ ಮೆತ್ತಿಕೊಂಡು ಒಂದೇ ನಿಮಿಷದಲ್ಲಿ ಹಲ್ಲು ಮುಚ್ಚಿಹೋಗುತ್ತದೆ. ಆಗಾಗ ಬರ್‌ಗೆ ಮೇಣ ಸವರುತ್ತಿರಿ. ಬೀಡು ಕಬ್ಬಿಣದ ಹೆಡ್‌ಗೆ ಅಡ್ಡ ಗೆರೆಯ ಡಬಲ್ ಕಟ್ ಬರ್ ಸರಿ. ಬೆಂಗಳೂರಿನಲ್ಲಿರುವವರು ಟೂಲ್‌ಗಳಿಗೆ ಎಸ್.ಪಿ. ರೋಡ್, ಗ್ಯಾಸ್ಕೆಟ್ ಮತ್ತು ವಾಲ್ವ್ ಸೀಲ್‌ಗಳಿಗೆ ಜೆ.ಸಿ. ರೋಡ್ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತದೆ.

ಉದ್ದ ಶ್ಯಾಂಕಿನ ಬರ್ ಬಗ್ಗೆ ಒಂದು ಎಚ್ಚರ. ಅದನ್ನು ಹೊರಗೆ ಪೂರ್ತಿ ವೇಗದಲ್ಲಿ ತಿರುಗಿಸಬೇಡಿ. ಶ್ಯಾಂಕ್ ಬಾಗಿ ಚಾಟಿಯಂತೆ ಬೀಸಬಹುದು. ಪೋರ್ಟ್ ಒಳಗೆ ಇಟ್ಟು ಲೋಹಕ್ಕೆ ತಾಗಿಸಿದ ಮೇಲೆ ನಿಧಾನಕ್ಕೆ ಸ್ಪೀಡ್ ಕೊಡಿ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಹಾಕಿಕೊಳ್ಳಿ. ಸಡಿಲ ತೋಳಿನ ಅಂಗಿ, ಬಟ್ಟೆಯ ಗ್ಲೌಸ್ ಬೇಡ. ಅಲ್ಯೂಮಿನಿಯಂ ಸಿಪ್ಪೆ ಸೂಜಿಯ ಹಾಗಿರುತ್ತದೆ, ಮಕ್ಕಳು ಓಡಾಡುವ ಜಾಗದಿಂದ ದೂರ ಕೂತು ಮಾಡಿ.

ಸೀಟಿಗೆ ಬರ್ ತಾಗಿದರೆ ಗೀರು ಬೀಳುತ್ತದೆ. ಅದಕ್ಕೆ ಹಳೆಯ ವಾಲ್ವ್ ಒಂದನ್ನು ಕೂರಿಸಿಕೊಂಡು, ಪೋರ್ಟ್ ಬಾಯಿಯ ಕಡೆಯಿಂದ ಎಷ್ಟು ಆಗುತ್ತದೋ ಅಷ್ಟು ಮಾಡಿ. ವಾಲ್ವ್ ತೆಗೆದು ಸೀಟಿನ ಕಡೆಯಿಂದ ಮಾಡಬೇಕಾದದ್ದನ್ನು ಬರ್ ಬಿಟ್ಟು ಎಮರಿ ರೋಲ್‌ನಲ್ಲಿ ಮುಗಿಸಿ.

ಶುರು ಮಾಡುವುದು ನಿಮ್ಮ ಬೈಕಿನ ಹೆಡ್‌ನಿಂದ ಅಲ್ಲ. ಗುಜರಿಯಿಂದ ಅದೇ ಮಾಡೆಲ್‌ನ ಕೆಟ್ಟ ಹೆಡ್ ಒಂದು ತನ್ನಿ. ಹ್ಯಾಕ್ಸಾದಲ್ಲಿ ಪೋರ್ಟಿನ ಉದ್ದಕ್ಕೆ ಸೀಳಿ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಸ್ಪ್ರಿಂಗ್ ಕೂರುವ ತಗ್ಗು ಪೋರ್ಟಿನ ಚಾವಣಿಗೆ ಎಷ್ಟು ಹತ್ತಿರ, ವಾಟರ್ ಕೂಲಿಂಗ್ ಇದ್ದರೆ ನೀರಿನ ದಾರಿ ಎಲ್ಲಿ ಹಾದು ಹೋಗಿದೆ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸುವ ಪಾಠ ಇನ್ನೊಂದಿಲ್ಲ. ತೆಳು ಗೋಡೆ ತೂತಾದರೆ ಟಿಗ್ ವೆಲ್ಡಿಂಗ್ ಮಾಡಿಸಬಹುದು, ಆದರೆ ಆ ಬಿಸಿಗೆ ಹೆಡ್ ಸೊಟ್ಟ ಆಗುತ್ತದೆ, ಮತ್ತೆ ಫೇಸಿಂಗ್ (ಹೆಡ್‌ನ ಮುಖ ಸಮ ಮಾಡುವುದು), ಮತ್ತೆ ಸೀಟ್ ಕೆಲಸ.

ಇನ್ನೊಂದು ಮಾತು. ಎಲ್ಲ ಹೆಡ್‌ಗಳಲ್ಲೂ ಒಂದೇ ಲಾಭ ಸಿಗುವುದಿಲ್ಲ. ಇತ್ತೀಚಿನ ನಾಲ್ಕು ವಾಲ್ವಿನ ಹೆಡ್‌ಗಳ ಪೋರ್ಟ್ ಈಗಾಗಲೇ ಚೆನ್ನಾಗಿರುತ್ತದೆ, ಅಲ್ಲಿ ಕೈ ಹಾಕಿದರೆ ಕೆಡುವ ಸಾಧ್ಯತೆಯೇ ಜಾಸ್ತಿ. ಹಳೆಯ ಎರಡು ವಾಲ್ವಿನ ಒರಟು ಎರಕದ ಹೆಡ್‌ಗಳೇ ಈ ಕೆಲಸಕ್ಕೆ ತಕ್ಕವು. ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ ಸೀರೀಸ್ ಕುಟುಂಬದ್ದು. ಅದೇ ಸಿಸಿಯ ಎಂಜಿನ್ ಅಲ್ಲಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ನಾಲ್ಕು ಸಿಲಿಂಡರ್‌ಗೆ ಎರಡೇ ಇನ್‌ಟೇಕ್ ಪೋರ್ಟ್, ಮೂರು ಎಕ್ಸಾಸ್ಟ್ ಪೋರ್ಟ್. ಇಂಗ್ಲೆಂಡಿನ ಹವ್ಯಾಸಿಗಳು ದಶಕಗಳ ಕಾಲ ಗ್ಯಾರೇಜಿನಲ್ಲಿ ಕೂತು ಕೈಯಲ್ಲೇ ತಿದ್ದಿದ್ದು ಇಂಥ ಹೆಡ್‌ಗಳನ್ನೇ. ಹಳೆಯ ಪೆಟ್ರೋಲ್ ಅಂಬಿ ಇರುವವರು ಅವರ ಅನುಭವವನ್ನು ಧೈರ್ಯವಾಗಿ ಬಳಸಿಕೊಳ್ಳಬಹುದು.

ಈಗ ಪಾಲಿಶ್. ಕಾರ್ಬ್ಯುರೇಟರ್‌ನಿಂದ ಬರುವ ಪೆಟ್ರೋಲ್ ಪೂರ್ತಿ ಆವಿಯಾಗಿರುವುದಿಲ್ಲ. ಒಂದು ಪಾಲು ಹನಿಯಾಗಿ ಪೋರ್ಟಿನ ಗೋಡೆಗೆ ಅಂಟುತ್ತದೆ. ಗೋಡೆ ಸ್ವಲ್ಪ ಒರಟಾಗಿದ್ದರೆ ಆ ಪದರ ಒಡೆದು ಮತ್ತೆ ಗಾಳಿಗೆ ಸೇರಲು ಅನುಕೂಲ. ಕನ್ನಡಿಯಂಥ ಗೋಡೆಯ ಮೇಲೆ ಅದು ತೊರೆಯಾಗಿ ಹರಿದು ಸಿಲಿಂಡರ್‌ಗೆ ಬೀಳುತ್ತದೆ. ಹಾಗಾಗಿ ಇನ್‌ಟೇಕ್ ಕಡೆ 60 ಅಥವಾ 80 ನಂಬರ್ ಎಮರಿಗೆ ನಿಲ್ಲಿಸಿ. ಎಕ್ಸಾಸ್ಟ್ ಕಡೆ ಪೆಟ್ರೋಲ್ ಹನಿಯ ಮಾತೇ ಇಲ್ಲ. ಅಲ್ಲಿ 120 ಅಥವಾ ಅದಕ್ಕಿಂತ ನಯವಾಗಿ ಉಜ್ಜಬಹುದು. ಅದಕ್ಕಿಂತ ಮುಂದೆ ಹೊಳಪಿಗಾಗಿ ಒದ್ದಾಡಬೇಡಿ, ಕಾರ್ಬನ್ ಕೂತು ಎಲ್ಲ ಕಪ್ಪಾಗುತ್ತದೆ.

ಗ್ಯಾಸ್ಕೆಟ್ ಇಟ್ಟು ಗೆರೆ ಎಳೆದು, ಆ ಗೆರೆಯವರೆಗೂ ಪೋರ್ಟ್ ಬಾಯಿ ಅಗಲ ಮಾಡುವ ಅಭ್ಯಾಸ ತುಂಬಾ ಕಡೆ ಇದೆ. ಗ್ಯಾಸ್ಕೆಟ್ ತೂತು ಸಾಮಾನ್ಯವಾಗಿ ಪೋರ್ಟಿಗಿಂತ ದೊಡ್ಡದೇ ಇರುತ್ತದೆ, ಅದು ಅಳತೆಗೋಲು ಅಲ್ಲ. ಮ್ಯಾನಿಫೋಲ್ಡ್ (ಪೋರ್ಟಿಗೆ ಗಾಳಿ ತರುವ ಕೊಳವೆ) ಮತ್ತು ಪೋರ್ಟ್ ಸೇರುವಲ್ಲಿ ಒಳಬರುವ ಗಾಳಿಗೆ ಎದುರಾಗಿ ಅಂಚು ನಿಂತಿದ್ದರೆ ಮಾತ್ರ ಅದನ್ನು ತೆಗೆಯಿರಿ. ಎಕ್ಸಾಸ್ಟ್ ಕಡೆ ಪೈಪು ಪೋರ್ಟಿಗಿಂತ ಸ್ವಲ್ಪ ದೊಡ್ಡದಿದ್ದರೆ ಹಾಗೇ ಬಿಡಿ. ಆ ಮೆಟ್ಟಿಲು ಹೊಗೆ ಹಿಂದಕ್ಕೆ ಬರದಂತೆ ತಡೆಯುತ್ತದೆ.

ಅಳೆಯದೆ ಮಾಡಿದ ಪೋರ್ಟಿಂಗ್ ಬರೀ ನಂಬಿಕೆ. ಮನೆಯಲ್ಲೇ ಅಳೆಯಲು ದಾರಿ ಇದೆ. ವ್ಯಾಕ್ಯೂಮ್ ಕ್ಲೀನರ್, ಎಂಜಿನ್ನಿನ ಬೋರ್‌ನಷ್ಟೇ ಅಗಲದ ಪೈಪ್ ತುಂಡು, ಯು ಆಕಾರದಲ್ಲಿ ಬಾಗಿಸಿದ ಪಾರದರ್ಶಕ ಟ್ಯೂಬಿನಲ್ಲಿ ಬಣ್ಣದ ನೀರು, ವಾಲ್ವ್ ಎಷ್ಟು ಎದ್ದಿದೆ ಎಂದು ನೋಡಲು ಡಯಲ್ ಗೇಜ್. ಹೆಡ್ಡನ್ನು ಪೈಪಿನ ಮೇಲೆ ಕೂರಿಸಿ, ವಾಲ್ವನ್ನು 1 ಮಿ.ಮೀ. ಲೆಕ್ಕದಲ್ಲಿ ಎತ್ತುತ್ತಾ ಪ್ರತಿ ಸಲ ನೀರಿನ ಮಟ್ಟ ಬರೆದುಕೊಳ್ಳಿ. ಕ್ಲೀನರ್ ಅದೇ ಬಲದಲ್ಲಿ ಎಳೆಯುತ್ತಿರುವಾಗ ನೀರಿನ ಮಟ್ಟದ ವ್ಯತ್ಯಾಸ ಇಳಿದರೆ ಪೋರ್ಟ್ ಸಲೀಸಾಗಿ ಉಸಿರಾಡುತ್ತಿದೆ ಎಂದರ್ಥ. ದೊಡ್ಡ ಶಾಪ್‌ಗಳು ಬಹುಮಟ್ಟಿಗೆ 28 ಇಂಚು ನೀರಿನ ಒತ್ತಡದಲ್ಲಿ ಅಳೆಯುತ್ತವೆ. ನಿಮಗೆ ಅಷ್ಟು ಬೇಕಿಲ್ಲ, ಮೊದಲು ಮತ್ತು ನಂತರ ಹೋಲಿಸಿದರೆ ಸಾಕು. ನಮ್ಮಲ್ಲಿ ಕರೆಂಟಿನ ವೋಲ್ಟೇಜ್ ಏರಿಳಿಯುತ್ತಲೇ ಇರುತ್ತದೆ, ಅದರ ಜೊತೆ ಕ್ಲೀನರ್‌ನ ಎಳೆತವೂ ಬದಲಾಗುತ್ತದೆ. ಅದಕ್ಕೆ ಮುಟ್ಟದೇ ಇರುವ ಇನ್ನೊಂದು ಹೆಡ್ಡನ್ನು ಪ್ರತಿ ಸಲವೂ ಜೊತೆಗೇ ಅಳೆಯಿರಿ. ಸಣ್ಣ ತಂತಿಯ ತುದಿಗೆ ದಾರ ಕಟ್ಟಿ ಶಾರ್ಟ್ ಸೈಡ್ ಹತ್ತಿರ ಹಿಡಿದರೆ, ಗಾಳಿ ಗೋಡೆ ಬಿಟ್ಟ ಜಾಗದಲ್ಲಿ ದಾರ ಪಟಪಟ ಹೊಡೆದುಕೊಳ್ಳುವುದು ಕಾಣುತ್ತದೆ. ಕಿವಿಗೂ ಗೊತ್ತಾಗುತ್ತದೆ, ಅಲ್ಲಿ ಗಾಳಿಯ ಸದ್ದು ಒರಟಾಗಿರುತ್ತದೆ.

ಎಲ್ಲ ಮುಗಿದ ಮೇಲೆ ತೊಳೆಯುವ ಕೆಲಸಕ್ಕೆ ಅವಸರ ಮಾಡಬೇಡಿ. ಬಿಸಿ ನೀರು, ಸೋಪು, ಬಾಟಲಿ ಬ್ರಷ್‌ನಿಂದ ಗೈಡಿನ ಒಳಗೂ ಉಜ್ಜಿ, ಗಾಳಿ ಹೊಡೆದು ಒಣಗಿಸಿ. ಒಂದು ಚೂರು ಲೋಹದ ಪುಡಿ ಉಳಿದರೂ ಬೋರ್ ಗೀಚುತ್ತದೆ. ವಾಲ್ವ್ ಲ್ಯಾಪ್ ಮಾಡಿದ (ಸೀಟಿಗೆ ಉಜ್ಜಿ ಕೂರಿಸಿದ) ಪೇಸ್ಟೂ ಪೂರ್ತಿ ಹೋಗಬೇಕು. ಹೊಸ ಸೀಲ್ ಹಾಕಿ, ವಾಲ್ವ್ ಕೂರಿಸಿ, ಪೋರ್ಟಿಗೆ ಸೀಮೆಎಣ್ಣೆ ಹೊಯ್ದು ಸ್ವಲ್ಪ ಹೊತ್ತು ಬಿಡಿ. ಚೇಂಬರ್ ಕಡೆ ಜಿನುಗಬಾರದು. ಗಾಳಿ ಜಾಸ್ತಿ ಬಂದರೆ ಪೆಟ್ರೋಲೂ ಜಾಸ್ತಿ ಬೇಕು. ಕಾರ್ಬ್ಯುರೇಟರ್ ಗಾಡಿಯಾದರೆ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ಒಂದು ನಂಬರ್ ಮೇಲಕ್ಕೆ ಹೋಗಬೇಕಾಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಹಾಗೇ ಓಡಿಸಬೇಡಿ.

ವಾರಂಟಿ ಇರುವ ಗಾಡಿಗೆ ಈ ಕೆಲಸ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಸಿಸಿ ಬದಲಿಸುವ, ಎಂಜಿನ್ ಬದಲಿಸುವ ಯೋಚನೆ ಇದ್ದರೆ ಇದನ್ನು ಮೊದಲು ಓದಿ. ಎಮಿಷನ್ ಟೆಸ್ಟ್ ಕೂಡ ಪಾಸಾಗಬೇಕು ಅನ್ನುವುದು ನೆನಪಿರಲಿ.

ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ ಇರುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವು ಟೂ ಸ್ಟ್ರೋಕ್. ಅವುಗಳ ಹೆಡ್‌ನಲ್ಲಿ ಪೋರ್ಟೇ ಇಲ್ಲ, ಎಲ್ಲ ಇರುವುದು ಬ್ಲಾಕ್‌ನಲ್ಲಿ. ಪೋರ್ಟಿನ ಎತ್ತರ 1 ಮಿ.ಮೀ. ಬದಲಾದರೂ ಅದು ತೆರೆಯುವ, ಮುಚ್ಚುವ ಟೈಮಿಂಗೇ ಬದಲಾಗುತ್ತದೆ. ಡಿಗ್ರಿ ವೀಲ್ (ಎಂಜಿನ್ ಎಷ್ಟು ತಿರುಗಿದೆ ಎಂದು ತೋರಿಸುವ ಅಳತೆಯ ಚಕ್ರ) ಹಾಕಿ ಅಳೆಯದೆ ಅಲ್ಲಿ ಬರ್ ಹಿಡಿಯಬೇಡಿ. ಮೇಲೆ ಹೇಳಿದ ಅಳತೆಗಳು ಅವಕ್ಕೆ ಹೊಂದುವುದಿಲ್ಲ.