ಕೈ ಬತ್ತಿದವನು ಸಂಜೆಯವರೆಗೆ ಕಾಯಬಹುದಿತ್ತಲ್ಲವೇ? ಸಬ್ಬತ್ ಮತ್ತು ಸತ್ಕಾರ್ಯ: ಅಧ್ಯಯನ ಟಿಪ್ಪಣಿ

ಓದಬೇಕಾದ ಭಾಗಗಳು: ಮಾರ್ಕ 3:1-6, ಲೂಕ 13:10-17, ಧರ್ಮೋಪದೇಶಕಾಂಡ 5:12-15. ಮೂರನೆಯದನ್ನು ಬಿಟ್ಟು ಸುವಾರ್ತೆಗಳನ್ನಷ್ಟೇ ಓದಿದರೆ ಈ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಭಾನುವಾರದ ಶಾಲೆಯಿಂದಲೂ ನಾವು ಕೇಳಿಕೊಂಡು ಬಂದ ಕಥೆ ಹೀಗಿದೆ: ಫರಿಸಾಯರು (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರು) ಕಲ್ಲುಹೃದಯದವರು, ಯೆಹೂದ್ಯರ ವಾರದ ವಿಶ್ರಾಂತಿ ದಿನವಾದ ಸಬ್ಬತ್ ದಿನ ಯಾರಾದರೂ ಸಾಯುತ್ತಿದ್ದರೂ ಕೈಕಟ್ಟಿ ಕುಳಿತುಕೊಳ್ಳುವವರು, ಯೇಸು ಬಂದು ಪ್ರೀತಿಯನ್ನು ಕಲಿಸಿದನು. ಕೇಳಲು ಸುಲಭ, ಆದರೆ ಅವರಿಗೆ ಮಾಡುವ ಅನ್ಯಾಯ. ಪ್ರಾಣ ಉಳಿಸುವ ಪ್ರಶ್ನೆಯಲ್ಲಿ ಯೆಹೂದ್ಯ ಪರಂಪರೆ ಸ್ಪಷ್ಟವಾಗಿದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ, ಯೆಹೂದ್ಯ ಗುರುಗಳ ನಿಯಮಸಂಗ್ರಹವಾದ ಮಿಶ್ನಾದ ಪ್ರಕಾರ, ಪ್ರಾಣಕ್ಕೆ ಅಪಾಯವಿದೆಯೆಂಬ ಬರೀ ಸಂಶಯವಿದ್ದರೂ ಸಾಕು, ಸಬ್ಬತ್ ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಕೊಡುವ ಆಧಾರಗಳಲ್ಲಿ ಯಾಜಕಕಾಂಡ 18:5 ಒಂದು: ಆಜ್ಞೆಗಳನ್ನು ಕೊಟ್ಟದ್ದು ಅವುಗಳಿಂದ ಬದುಕಲಿ ಎಂದು, ಸಾಯಲಿ ಎಂದಲ್ಲ.

ಈ ತಿಳಿವಳಿಕೆ ಪುಕ್ಕಟೆಯಾಗಿ ಬಂದದ್ದೂ ಅಲ್ಲ. ಕಥೋಲಿಕರ ಬೈಬಲಿನಲ್ಲಿರುವ ಮಕ್ಕಬಿಯರ ಮೊದಲನೆಯ ಗ್ರಂಥದ 2ನೇ ಅಧ್ಯಾಯವನ್ನು ನೋಡಿ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ, ಗ್ರೀಕ್ ಅರಸ ಅಂತಿಯೋಕನ ಹಿಂಸೆಗೆ ಹೆದರಿ ಅಡವಿಗೆ ಓಡಿದ ಜನ ಸಬ್ಬತ್ ದಿನ ಶತ್ರುಗಳು ಮೇಲೆ ಬಿದ್ದಾಗ ಒಂದು ಕಲ್ಲನ್ನೂ ಎಸೆಯಲಿಲ್ಲ. ಸುಮಾರು ಸಾವಿರ ಮಂದಿ ಸತ್ತರು. ಆ ಸುದ್ದಿ ಕೇಳಿದ ಮೇಲೆಯೇ ಯೆಹೂದ್ಯರ ದಂಗೆಯ ನಾಯಕ ಮತ್ತಾಥಿಯನೂ ಅವನ ಸಂಗಡಿಗರೂ ಸಬ್ಬತ್ ದಿನ ಆಕ್ರಮಿಸಿದವರ ವಿರುದ್ಧ ಹೋರಾಡಲು ತೀರ್ಮಾನಿಸಿದರು.

ಎಲ್ಲರೂ ಒಂದೇ ಮಾತಿನವರಾಗಿರಲಿಲ್ಲ ಎಂಬುದನ್ನೂ ಗುರುತಿಸಿಕೊಳ್ಳಿ. ಮತ್ತಾಯ 12:11ರಲ್ಲಿ ಯೇಸು, ಕುರಿ ಗುಣಿಯಲ್ಲಿ ಬಿದ್ದರೆ ನಿಮ್ಮಲ್ಲಿ ಯಾರು ತಾನೇ ಮೇಲೆತ್ತದೆ ಇರುತ್ತೀರಿ ಎಂದು ಕೇಳುತ್ತಾನೆ. ಹಾಗೆ ಎತ್ತಕೂಡದು ಎನ್ನುವ ಪಂಗಡವೂ ಆ ಕಾಲದಲ್ಲಿತ್ತು: ಮೃತ ಸಮುದ್ರದ ಬಳಿಯ ಗವಿಗಳಲ್ಲಿ ಪ್ರತಿಗಳು ದೊರೆತ ದಮಸ್ಕ ದಸ್ತಾವೇಜಿನಲ್ಲಿ ಆ ನಿಷೇಧವಿದೆ. ತಾಲ್ಮುದ್ ಮಧ್ಯದ ದಾರಿ ಹಿಡಿಯುತ್ತದೆ: ಪ್ರಾಣಿಯ ಕಾಲಡಿಗೆ ದಿಂಬು ಹಾಸಿಗೆಗಳನ್ನು ಹಾಕು, ಅದು ತಾನಾಗಿ ಹತ್ತಿ ಬಂದರೆ ಬರಲಿ. ರೋಗಿಯನ್ನು ಸಬ್ಬತ್ ದಿನ ನೋಡಲು ಹೋಗಬಹುದೇ, ದುಃಖದಲ್ಲಿರುವವರನ್ನು ಸಂತೈಸಬಹುದೇ ಎಂಬುದರಲ್ಲಿ ಯೆಹೂದ್ಯ ಗುರು ಶಮ್ಮೈಯ ಪಂಥದವರು ಬೇಡವೆಂದರೆ ಇನ್ನೊಬ್ಬ ಗುರು ಹಿಲ್ಲೇಲನ ಪಂಥದವರು ಸರಿ ಎಂದರು. ಅಂದರೆ ಯೇಸು ಕಾಲಿಟ್ಟದ್ದು ಆಗಲೇ ನಡೆಯುತ್ತಿದ್ದ ಚರ್ಚೆಯೊಳಕ್ಕೆ.

ಈಗ ಮಾರ್ಕ 3ಕ್ಕೆ ಬರೋಣ. ಅಲ್ಲಿ ಯೇಸು ಸಬ್ಬತ್ ದಿನ ಸಭಾಮಂದಿರದಲ್ಲಿ ವಾಸಿಮಾಡಿದ ಕೈ ಬತ್ತಿದವನು ಸಾಯುತ್ತಿರಲಿಲ್ಲ. ಸೂರ್ಯ ಮುಳುಗಿದರೆ ಸಬ್ಬತ್ ಮುಗಿಯಿತು. ಇನ್ನು ಕೆಲವು ಗಂಟೆ ಕಾದಿದ್ದರೆ ಯಾರಿಗೂ ತಕರಾರಿರಲಿಲ್ಲ. ಮಾರ್ಕ 1:32ರಲ್ಲಿ ಕಪೆರ್ನೌಮಿನ ಜನ ಮಾಡಿದ್ದೂ ಅದನ್ನೇ, ಹೊತ್ತು ಮುಳುಗಿದ ಮೇಲೆ ರೋಗಿಗಳನ್ನು ಹೊತ್ತು ತಂದರು. ಲೂಕ 13ರಲ್ಲಿ ಸಭಾಮಂದಿರದ ಅಧ್ಯಕ್ಷ ಇದನ್ನೇ ಬಾಯಿಬಿಟ್ಟು ಹೇಳುತ್ತಾನೆ: ಕೆಲಸಕ್ಕೆ ಆರು ದಿನಗಳಿವೆ, ಆ ದಿನಗಳಲ್ಲಿ ಬಂದು ವಾಸಿಮಾಡಿಸಿಕೊಳ್ಳಿ. ಈ ವಾದವನ್ನು ನಗೆಯಾಡಿ ತಳ್ಳಿಹಾಕುವವರು ಪಾಠವನ್ನು ಓದಿಲ್ಲ ಎಂದೇ ನನ್ನ ಅಭಿಪ್ರಾಯ. ಪ್ರಶ್ನೆ ನಿಜವಾಗಿ ಇರುವುದು ಇಲ್ಲಿ: ನಾಳೆಯೂ ಮಾಡಬಹುದಾದ ಒಳ್ಳೆಯದನ್ನು ಸಬ್ಬತ್ ದಿನವೇ ಏಕೆ ಮಾಡಬೇಕು?

ಮಾರ್ಕನಲ್ಲಿ ಯೇಸುವಿನ ಉತ್ತರ ಇನ್ನೊಂದು ಪ್ರಶ್ನೆಯ ರೂಪದಲ್ಲಿದೆ: ಸಬ್ಬತ್ ದಿನ ಮೇಲು ಮಾಡುವುದು ಸರಿಯೋ, ಕೇಡು ಮಾಡುವುದು ಸರಿಯೋ? ಪ್ರಾಣ ಉಳಿಸುವುದೋ, ತೆಗೆಯುವುದೋ? 'ಸುಮ್ಮನೆ ಕಾಯುವುದು' ಎಂಬ ಮೂರನೆಯ ಆಯ್ಕೆಯನ್ನು ಅವನು ಕೊಡುವುದೇ ಇಲ್ಲ. ಅವನು ಮದ್ದು ಅರೆಯುವುದಿಲ್ಲ, ಕೈಯನ್ನು ಮುಟ್ಟುವುದೂ ಇಲ್ಲ. ಕೈ ಚಾಚು ಎನ್ನುತ್ತಾನೆ, ಅಷ್ಟೆ. ಆಚೆ ಹೋದ ಫರಿಸಾಯರು ಹೆರೋದನ ಕಡೆಯವರಾದ ಹೆರೋದ್ಯರೊಡನೆ ಸೇರಿ ಅವನನ್ನು ಕೊಲ್ಲುವ ಆಲೋಚನೆ ಮಾಡುತ್ತಾರೆ. ಮಾರ್ಕನು ಟೀಕೆ ಬರೆಯದೆಯೇ ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ.

ಲೂಕನ ಉತ್ತರ ಇನ್ನೂ ಆಳವಾದದ್ದು. ಹದಿನೆಂಟು ವರ್ಷ ನಡುಬಗ್ಗಿದ ಹೆಂಗಸು. ನೀವು ಸಬ್ಬತ್ ದಿನ ಎತ್ತನ್ನೋ ಕತ್ತೆಯನ್ನೋ ಕೊಟ್ಟಿಗೆಯಿಂದ ಬಿಚ್ಚಿ ನೀರಿಗೆ ಹಿಡಿದುಕೊಂಡು ಹೋಗುವುದಿಲ್ಲವೇ, ಅಬ್ರಹಾಮನ ಈ ಮಗಳನ್ನು ಕಟ್ಟಿನಿಂದ ಬಿಡಿಸಬಾರದೇ ಎಂದು ಯೇಸು ಕೇಳುತ್ತಾನೆ. ಎತ್ತು, ಕತ್ತೆ ಎಲ್ಲಿಂದ ಬಂದವು? ವಿಮೋಚನಕಾಂಡ 20ರ ಆಜ್ಞೆಯಲ್ಲಿ ಇರುವುದು ಪಶುಗಳು ಎಂದು ಮಾತ್ರ, ಅಲ್ಲಿ ಸಬ್ಬತ್ತಿಗೆ ಕಾರಣ ಸೃಷ್ಟಿ. ಧರ್ಮೋಪದೇಶಕಾಂಡ 5ರಲ್ಲಿ ಎತ್ತನ್ನೂ ಕತ್ತೆಯನ್ನೂ ಹೆಸರಿಸಿದೆ, ಕಾರಣವೂ ಬೇರೆ: ಐಗುಪ್ತದಲ್ಲಿ ನೀನು ದಾಸನಾಗಿದ್ದೆ, ಯೆಹೋವನು ನಿನ್ನನ್ನು ಬಿಡಿಸಿದನು. ಬಿಡುಗಡೆಯ ನೆನಪಿನ ದಿನದಂದು ಒಬ್ಬಳನ್ನು ಬಿಡಿಸುವುದು ಸಬ್ಬತ್ತಿನ ಉಲ್ಲಂಘನೆ ಹೇಗಾದೀತು? ಅದಕ್ಕೆ ಇದಕ್ಕಿಂತ ತಕ್ಕ ದಿನವಿಲ್ಲ. ಸತ್ಕಾರ್ಯಕ್ಕೆ ವಿನಾಯಿತಿ ಕೊಡಿ ಎಂದು ಯೇಸು ಕೇಳುತ್ತಿಲ್ಲ, ಆಜ್ಞೆಯ ಒಳಗಿನಿಂದಲೇ ಮಾತಾಡುತ್ತಿದ್ದಾನೆ.

ಹಾಗಾದರೆ ಒಳ್ಳೆಯ ಕೆಲಸವೆಂದರೆ ಎಲ್ಲದಕ್ಕೂ ರಹದಾರಿಯೇ? ಅಲ್ಲ. ನೆಹೆಮೀಯ 13ರಲ್ಲಿ ಯೆರೂಸಲೇಮಿನ ಬಾಗಿಲುಗಳನ್ನು ಮುಚ್ಚಿಸಿದ್ದು ದ್ರಾಕ್ಷಿ ತುಳಿಯುವವರನ್ನೂ ತೂರಿನ ಮೀನು ವ್ಯಾಪಾರಿಗಳನ್ನೂ ಕಂಡು. ಸಬ್ಬತ್ ಯಾವಾಗ ಮುಗಿದೀತು, ಗೋದಿ ಮಾರೋಣ ಎಂದು ಚಡಪಡಿಸುವವರನ್ನು ಆಮೋಸ 8:5 ಹಿಡಿದು ತೋರಿಸುತ್ತದೆ. ಆದರೆ ನನಗೆ ಹೆಚ್ಚು ಕಾಡುವ ಎಲ್ಲೆ ಧರ್ಮೋಪದೇಶಕಾಂಡ 5:14ರ ಕೊನೆಯಲ್ಲಿದೆ: ನಿನ್ನ ದಾಸದಾಸಿಯರೂ ನಿನ್ನ ಹಾಗೆಯೇ ವಿಶ್ರಮಿಸಿಕೊಳ್ಳಬೇಕು. ಭಾನುವಾರ ಸಬ್ಬತ್ತೋ ಅಲ್ಲವೋ ಎಂಬ ಜಗಳ ಬೇರೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಆಚರಿಸುತ್ತಾರೆ. ದಿನ ಯಾವುದೇ ಇರಲಿ, ಸಭೆಯವರು ಆರಾಧನೆ ಮುಗಿಸಿ ಆರೋಗ್ಯ ಶಿಬಿರ ನಡೆಸುತ್ತಾರೆ ಎನ್ನೋಣ. ವೈದ್ಯರು ತಾವಾಗಿ ಬಂದವರು. ವಾರವಿಡೀ ದುಡಿದ ಚಾಲಕನೂ ಅಡುಗೆಯವಳೂ ತಾವಾಗಿ ಬಂದವರೇ? ಅವರ ಬಿಡುವನ್ನು ಕಸಿದುಕೊಂಡು ನಮ್ಮ ಪುಣ್ಯದ ಪಟ್ಟಿ ಉದ್ದವಾದರೆ, ಲೂಕ 13ನ್ನು ತಲೆಕೆಳಗಾಗಿ ಓದಿದ ಹಾಗೆ.

ಚರ್ಚೆಗೆ: ಯೋಹಾನ 9ರಲ್ಲಿ ಯೇಸು ಹುಟ್ಟುಕುರುಡನಿಗೆ ಬರೀ ಮಾತು ಹೇಳಿ ನಿಲ್ಲಿಸುವುದಿಲ್ಲ, ಉಗುಳಿ, ಕೆಸರು ಕಲಸಿ, ಕಣ್ಣಿಗೆ ಹಚ್ಚುತ್ತಾನೆ. ಮಿಶ್ನಾ ಎಣಿಸುವ 39 ನಿಷಿದ್ಧ ಕೆಲಸಗಳಲ್ಲಿ ಕಲಸುವುದೂ ಒಂದು. ಆ ಪಟ್ಟಿ ಬರಹಕ್ಕಿಳಿದದ್ದು ಯೇಸುವಿನ ನಂತರ ಎಂಬುದನ್ನು ಮರೆಯಬೇಡಿ. ಆದರೂ ಯೋಹಾನನು ಕೆಸರು ಮಾಡಿದ ವಿಷಯವನ್ನೂ ಅಂದು ಸಬ್ಬತ್ ಎಂಬುದನ್ನೂ ಒಂದೇ ವಚನದಲ್ಲಿ (9:14) ಜೋಡಿಸಿದ್ದಾನೆ. ಮಾತೊಂದೇ ಸಾಕಾಗಿದ್ದಾಗ ಕೆಸರು ಏಕೆ?