ಕ್ಯಾಮ್ ತಗೊಂಡಾಯ್ತು, ಇನ್ನೇನೇನ್ ಬೇಕು?

ಮೊನ್ನೆ ಒಬ್ರು ನಾಲ್ಕು ಡಬ್ಬ ತಂದು ನನ್ ಬೆಂಚ್ ಮೇಲಿಟ್ರು. ಒಂದ್ರಲ್ಲಿ ಹೊಸ ಪರ್ಫಾರ್ಮೆನ್ಸ್ ಕ್ಯಾಮ್ (ವಾಲ್ವ್‌ಗಳನ್ನ ತೆರೆಯೋ ಉಬ್ಬುಗಳಿರೋ ಶಾಫ್ಟು, ಆ ಉಬ್ಬೇ ಲೋಬ್), ಇನ್ನೊಂದ್ರಲ್ಲಿ ಡಬಲ್ ವಾಲ್ವ್ ಸ್ಪ್ರಿಂಗು, ಮೂರನೇದ್ರಲ್ಲಿ ಸ್ಪ್ರಿಂಗನ್ನ ಮೇಲಿಂದ ಹಿಡಿಯೋ ಟೈಟಾನಿಯಮ್ ರಿಟೇನರ್, ನಾಲ್ಕನೇದ್ರಲ್ಲಿ ಫಳಫಳ ಹೊಳೆಯೋ ರೋಲರ್ ರಾಕರ್‌ಗಳು (ವಾಲ್ವನ್ನ ಒತ್ತೋ ಸನ್ನೆಗಳು). ಎಂಜಿನ್ ಹಳೇ ಥರದ್ದು, ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಯಿಂದ ರಾಕರನ್ನ ತಳ್ಳೋ ಪುಶ್‌ರಾಡ್ ಥರ, ಲೋಬ್ ಮೇಲೆ ಕೂರೋ ಲಿಫ್ಟರಿಗೆ ಚಕ್ರ ಇಲ್ಲದ ಫ್ಲಾಟ್ ಟ್ಯಾಪೆಟ್. "ಲಿಫ್ಟರ್ ಎಲ್ಲಿ?" ಅಂದೆ. "ಹಳೇವೇ ಚೆನ್ನಾಗಿದಾವಲ್ಲ ಸರ್, ತೊಳೆದು ಒಂದೇ ಕವರಲ್ಲಿ ಹಾಕಿಟ್ಟಿದೀನಿ" ಅಂದ್ರು. ಕಣ್ಣಿಗೆ ಕಾಣೋ ಸಾಮಾನೆಲ್ಲ ಬಂದಿತ್ತು, ಬೇಕೇ ಬೇಕಾಗಿದ್ದು ಮಾತ್ರ ಬಂದಿರ್ಲಿಲ್ಲ.

ಫ್ಲಾಟ್ ಟ್ಯಾಪೆಟ್ ಅಂತ ಹೆಸರಿಗೆ ಅಷ್ಟೇ, ಅದರ ತಳ ನಿಜವಾಗ್ಲೂ ಸಪಾಟಾಗಿರಲ್ಲ, ಕಣ್ಣಿಗೆ ಕಾಣದಷ್ಟು ಉಬ್ಬಿರತ್ತೆ, ಕ್ಯಾಮ್ ಲೋಬೂ ಒಂದು ಕಡೆಗೆ ಚೂರು ಓರೆ ಇರತ್ತೆ, ಇವೆರಡೂ ಸೇರಿ ಲಿಫ್ಟರ್ ತನ್ನ ಗೂಡಲ್ಲಿ ತಿರುಗ್ತಾ ಇರೋ ಹಾಗೆ ಮಾಡತ್ತೆ. ಓಡಿ ಓಡಿ ಪ್ರತಿ ಲಿಫ್ಟರೂ ತನ್ನ ಲೋಬಿಗೆ ತಕ್ಕಂಗೆ ಸವೆದು ಕೂತಿರತ್ತೆ. ಅದನ್ನ ತಂದು ಹೊಸ ಲೋಬಿನ ಮೇಲಿಟ್ರೆ ತಿರುಗೋದು ನಿಲ್ಲತ್ತೆ, ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಲೋಬ್ ಸವೆದು ಹೋಗತ್ತೆ, ಆ ಕಬ್ಬಿಣದ ಪುಡಿ ಆಯಿಲ್ ಜೊತೆ ಬೇರಿಂಗ್‌ವರೆಗೂ ಹೋಗತ್ತೆ. ಹಳೇ ಕ್ಯಾಮನ್ನೇ ವಾಪಸ್ ಹಾಕೋದಾದ್ರೆ ಹಳೇ ಲಿಫ್ಟರ್‌ಗಳನ್ನ ಅದದೇ ಜಾಗಕ್ಕೆ ಹಾಕ್ಬಹುದು, ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಅಂದ್ರೆ ಮಾತ್ರ ಹೊಸ ಲಿಫ್ಟರೇ, ಇದರಲ್ಲಿ ಚೌಕಾಸಿ ಇಲ್ಲ. ರೋಲರ್ ಲಿಫ್ಟರ್ ಆದ್ರೆ ಸಂಗತಿ ಬೇರೆ, ಚಕ್ರದಲ್ಲಿ ಆಟ ಇಲ್ಲ, ಗುಳಿ ಬಿದ್ದಿಲ್ಲ ಅಂದ್ರೆ ಅವನ್ನೇ ಇನ್ನೊಂದು ಕ್ಯಾಮ್ ಮೇಲೆ ಓಡಿಸ್ಬಹುದು. ಆದ್ರೂ ತುಂಬಾ ಓಡಿರೋ ಗಾಡಿ, ಲಿಫ್ಟರ್ ತೆಗೀಬೇಕಂದ್ರೆ ಹೆಡ್ ಇಳಿಸ್ಲೇಬೇಕಾದ ಎಂಜಿನ್ ಅಂದ್ರೆ (ಜನರಲ್ ಮೋಟರ್ಸಿನ ಎಲ್‌ಎಸ್ ಎಂಜಿನ್ ಹಾಗೇನೇ) ನಾನು ಹೊಸದೇ ಹಾಕಿಸ್ತೀನಿ, ಆರು ತಿಂಗಳಿಗೆ ಮತ್ತೆ ಹೆಡ್ ಬಿಚ್ಚೋ ಕೆಲಸ ಯಾರಿಗ್ ಬೇಕು.

ಹಾಗಾದ್ರೆ ಪಟ್ಟಿ ಹೇಗ್ ಮಾಡೋದು? ನಾನು ಮಾಡೋದು ಇಷ್ಟೇ: ಲೋಬ್ ಮೇಲೆ ಬೆರಳಿಟ್ಟು ಅಲ್ಲಿಂದ ವಾಲ್ವ್ ತಲೆವರೆಗೂ ಹೋಗ್ತೀನಿ, ಲೋಬ್ ಯಾರನ್ನ ತಳ್ಳತ್ತೆ, ಅದು ಮುಂದೆ ಯಾರನ್ನ ತಳ್ಳತ್ತೆ, ಕೊನೆಗೆ ವಾಲ್ವ್ ಎಲ್ಲಿಗೆ ಹೋಗಿ ಯಾರಿಗೆ ತಾಗಬಹುದು ಅಂತ. ಒಂದೊಂದು ಕಡೆ ನಿಂತು ಹೊಸ ಕ್ಯಾಮ್ ಇಲ್ಲಿ ಏನು ಬದಲಾಯಿಸ್ತು ಅಂತ ಕೇಳ್ಕೋತೀನಿ. ಬದಲಾಗಿಲ್ಲ ಅಂದ್ರೆ ಹಳೇದೇ ಇರ್ಲಿ. ಇದಕ್ಕೆ ಕ್ಯಾಮ್ ಜೊತೆ ಬರೋ ಕಾರ್ಡ್ ಕೈಯಲ್ಲಿರ್ಬೇಕು, ಲಿಫ್ಟ್ (ಎಷ್ಟು ಎತ್ತತ್ತೆ), ಡ್ಯುರೇಶನ್ (ಎಷ್ಟು ಡಿಗ್ರಿ ತೆರೆದಿಡತ್ತೆ), ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನ) ಎಲ್ಲಾ ಅದ್ರಲ್ಲೇ ಇರತ್ತೆ. ಡ್ಯುರೇಶನ್ ಹೋಲ್ಸೋವಾಗ ಮಾತ್ರ ಎರಡು ಕಾರ್ಡಲ್ಲೂ 0.050 ಇಂಚು, ಅಂದ್ರೆ 1.27 ಮಿಲಿಮೀಟರ್ ಲಿಫ್ಟ್‌ನಲ್ಲಿ ಅಳೆದ ಅಂಕಿನೇ ನೋಡಿ, ಜಾಹೀರಾತಿನ ಡ್ಯುರೇಶನ್ನ ಒಬ್ಬೊಬ್ರು ಒಂದೊಂದು ಎತ್ತರದಿಂದ ಅಳೀತಾರೆ.

ಜಾಸ್ತಿ ಜನ ಎಡವೋದು ಸ್ಪ್ರಿಂಗಲ್ಲಿ. "ಸ್ಟ್ರಾಂಗ್ ಸ್ಪ್ರಿಂಗ್ ಹಾಕಿ" ಅಂತಾರೆ, ಸ್ಟ್ರಾಂಗ್ ಅನ್ನೋದು ಅಳತೆ ಅಲ್ಲ. ಮೊದಲು ಲಿಫ್ಟ್ ಲೆಕ್ಕ ಹಾಕಿ, ಲೋಬ್ ಲಿಫ್ಟ್ 7.5 ಮಿ.ಮೀ., ರಾಕರ್ ರೇಶಿಯೋ, ಅಂದ್ರೆ ರಾಕರ್ ಆ ಲಿಫ್ಟನ್ನ ಎಷ್ಟು ಪಟ್ಟು ಮಾಡತ್ತೆ ಅನ್ನೋದು, 1.5 ಇದ್ರೆ ವಾಲ್ವ್ ಕೆಳಗಿಳಿಯೋದು 11.25, ಅದೇ ಕ್ಯಾಮಿಗೆ 1.6 ರಾಕರ್ ಹಾಕಿದ್ರೆ 12. ಈಗ ಸ್ಪ್ರಿಂಗ್ ಕೂರೋ ಎತ್ತರ 45 ಮಿ.ಮೀ. ಅಂದ್ಕೊಳ್ಳಿ, ಸುತ್ತುಗಳೆಲ್ಲ ಒಂದಕ್ಕೊಂದು ತಾಗಿ ಗಟ್ಟಿಯಾಗೋ ಎತ್ತರ, ಅದನ್ನೇ ಕಾಯಿಲ್ ಬೈಂಡ್ ಅನ್ನೋದು, 31. ನಡುವೆ 14 ಉಳೀತು, 12 ಲಿಫ್ಟಿಗೆ ಹೋದ್ರೆ ಇನ್ನೂ 2 ಮಿ.ಮೀ. ಗಾಳಿ ಇದೆ, ನಾನು 1.5ಕ್ಕಿಂತ ಕಮ್ಮಿಗೆ ಒಪ್ಪಲ್ಲ ಹಾಗಾಗಿ ಇದು ಪಾಸ್. ಆದ್ರೆ ಹೊಸ ರಿಟೇನರ್ ಆಕಾರ ಬೇರೆ ಇದ್ದು ಸ್ಪ್ರಿಂಗು 1 ಮಿ.ಮೀ. ಕೆಳಗೆ ಕೂತ್ರೆ ಎತ್ತರ 44 ಆಗತ್ತೆ, ಉಳಿಯೋದು ಬರೀ 1, ಫೇಲ್. ಸ್ಪ್ರಿಂಗು ಅದೇ, ಕ್ಯಾಮೂ ಅದೇ. ಅದಕ್ಕೇ ಸ್ಪ್ರಿಂಗ್, ರಿಟೇನರ್, ಲಾಕ್, ಕೆಳಗಿನ ಸೀಟ್ ಇವನ್ನ ಒಂದೊಂದು ಕಡೆಯಿಂದ ಅಗ್ಗಕ್ಕೆ ಸಿಕ್ತು ಅಂತ ಜೋಡಿಸ್ಬೇಡಿ, ಒಂದೇ ಸೆಟ್ಟಲ್ಲಿ ತಗೊಳ್ಳಿ, ಆಮೇಲೂ ಪ್ರತಿ ವಾಲ್ವಿನದ್ದೂ ಎತ್ತರ ಅಳೆದು ಶಿಮ್ (ತೆಳು ಬಿಲ್ಲೆ) ಹಾಕಿ ಸರಿ ಮಾಡಿ. ರಿಟೇನರ್ ತಳಕ್ಕೂ ವಾಲ್ವ್ ಸೀಲ್ ತಲೆಗೂ ಪೂರ್ತಿ ಲಿಫ್ಟಲ್ಲಿ ಅಷ್ಟೇ ಜಾಗ ಬೇಕು, ಇದನ್ನ ನೋಡೋರೇ ಕಮ್ಮಿ, ಆಮೇಲೆ ಹೊಗೆ ಯಾಕ್ ಬರ್ತಿದೆ ಅಂತ ರಿಂಗ್ ಮೇಲೆ ಅನುಮಾನ ಪಡ್ತಾರೆ.

ಇನ್ನು ಒತ್ತಡದ ವಿಷ್ಯ. ಕಮ್ಮಿ ಇದ್ರೆ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಲೋಬಿನ ಹಿಂದೆ ಹೋಗಕ್ಕಾಗದೆ ತೇಲತ್ತೆ, ವಾಲ್ವ್ ಫ್ಲೋಟ್ ಅಂದ್ರೆ ಅದೇ, ಪವರ್ ದಿಢೀರ್ ಅಂತ ಬೀಳತ್ತೆ. ಜಾಸ್ತಿ ಇದ್ರೆ ಫ್ಲಾಟ್ ಟ್ಯಾಪೆಟ್ಟಲ್ಲಿ ಲೋಬೇ ಹೋಗತ್ತೆ, ಆಯಿಲ್ ತುಂಬ್ಕೊಂಡು ಕೆಲಸ ಮಾಡೋ ಹೈಡ್ರಾಲಿಕ್ ಲಿಫ್ಟರ್ ಒಳಗಿನ ಪ್ಲಂಜರ್ ಕುಸೀತದೆ, ಹಳೇ ಹೆಡ್‌ಗಳಲ್ಲಿ ಒತ್ತಿ ಕೂರಿಸಿರೋ ರಾಕರ್ ಸ್ಟಡ್ ಮೇಲಕ್ಕೆ ಕಿತ್ಕೊಂಡು ಬರತ್ತೆ. ಕ್ಯಾಮ್ ಮಾಡಿದವರು ಆ ಲೋಬಿಗೆ ಹೇಳಿರೋ ಒತ್ತಡನೇ ಸರಿ, "ಸೇಫ್ಟಿಗೆ ಇರ್ಲಿ" ಅಂತ ಒಂದ್ ಸೈಜ್ ಮೇಲೆ ಹೋಗೋದು ಮೂಗಿಗಿಂತ ಮೂಗುತಿ ಭಾರ ಅಂದಂಗೆ.

ಪುಶ್‌ರಾಡ್ ಬೇಕಾ ಬೇಡ್ವಾ ಅನ್ನೋದನ್ನ ಫೋನಲ್ಲಿ ಯಾರೂ ಹೇಳಕ್ಕಾಗಲ್ಲ, ಹೇಳಿದ್ರೆ ನಂಬ್ಬೇಡಿ. ಜಾಸ್ತಿ ಲಿಫ್ಟ್ ಕ್ಯಾಮಲ್ಲಿ ಲೋಬಿನ ಮೂಗು ಬೇರಿಂಗ್ ತೂತಲ್ಲಿ ತೂರ್ಬೇಕಲ್ಲ, ಹಾಗಾಗಿ ಮೂಗು ಎತ್ತರಿಸೋ ಬದಲು ಬೆನ್ನಿನ ವೃತ್ತವನ್ನ, ಅಂದ್ರೆ ಬೇಸ್ ಸರ್ಕಲ್ಲನ್ನ, ಚಿಕ್ಕದಾಗಿ ಅರೆದಿರ್ತಾರೆ. ಆಗ ಲಿಫ್ಟರ್ ಕೆಳಗೆ ಕೂರತ್ತೆ, ಹಳೇ ಪುಶ್‌ರಾಡ್ ಗಿಡ್ಡ ಆಗತ್ತೆ, ಲಿಫ್ಟರ್ ಪ್ರಿಲೋಡ್ (ಒಳಗಿನ ಪ್ಲಂಜರ್ ಮೊದಲೇ ಒತ್ತಿರೋ ಅಳತೆ) ಸಾಲಲ್ಲ, ಟಕಟಕ ಶುರು. ಹೆಡ್ ಮಟ್ಟ ಮಾಡಿಸಿದ್ರೆ, ತೆಳು ಗ್ಯಾಸ್ಕೆಟ್ ಹಾಕಿದ್ರೆ ಉಲ್ಟಾ. ಉದ್ದ ಹೊಂದಿಸಕ್ಕೆ ಬರೋ ಚೆಕಿಂಗ್ ಪುಶ್‌ರಾಡ್ ಒಂದು ಇಟ್ಕೊಂಡು ಅಳೆದೇ ಆರ್ಡರ್ ಮಾಡಿ, ಅಂದ್ರೆ ಈ ಸಾಮಾನು ಪಟ್ಟೀಲಿ ಕೊನೇಗೆ ಬರ್ಬೇಕು, ಮೊದಲೇ ಅಲ್ಲ.

ರಾಕರ್? ರೇಶಿಯೋ ಬದಲಾಯ್ಸಲ್ಲ, ಸ್ಪ್ರಿಂಗ್ ಒತ್ತಡ ಮಿತಿಯಲ್ಲಿದೆ ಅಂದ್ರೆ ಮುಕ್ಕಾಲುಪಾಲು ರಸ್ತೆ ಗಾಡಿಗೆ ಕಂಪನಿ ರಾಕರೇ ಸಾಕು. ಹೊಳಪಿಗೆ ದುಡ್ಡು ಕೊಡ್ಬೇಡಿ ಅಷ್ಟೇ.

ಟೈಮಿಂಗ್ ಚೈನು, ಟೆನ್ಷನರು, ಗೈಡು, ಮುಂದಿನ ಸೀಲು, ಗ್ಯಾಸ್ಕೆಟ್ಟು ಇವು ಕ್ಯಾಮಿಗಾಗಿ ಬೇಕು ಅಂತಲ್ಲ, ಹೇಗೂ ಬಿಚ್ಚಿದೀರಲ್ಲ ಅಂತ. ಒಂದ್ ಸಲಕ್ಕೆ ಮಾತ್ರ ಅಂತ ಕಂಪನಿ ಹೇಳಿರೋ ಬೋಲ್ಟ್‌ಗಳಿದ್ರೆ ಅವು ಮಾತ್ರ ಕಡ್ಡಾಯ, ಒಮ್ಮೆ ಎಳೆದ ಬೋಲ್ಟ್ ಎರಡನೇ ಸಲ ಅದೇ ಬಿಗಿತ ಕೊಡಲ್ಲ.

ಈಗ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ. ಲಿಫ್ಟ್ ಜಾಸ್ತಿ ಆದ್ರೆ ತಾಗತ್ತೆ ಅಂತ ಎಲ್ರೂ ಅಂದ್ಕೊಂಡಿರೋದು, ಆದ್ರೆ ಪೂರ್ತಿ ಲಿಫ್ಟ್ ಆಗೋ ಹೊತ್ತಿಗೆ ಪಿಸ್ಟನ್ ಕೆಳಗೆ ದೂರ ಹೋಗಿರತ್ತೆ. ಅಪಾಯ ಇರೋದು ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಇನ್‌ಟೇಕ್ ಶುರುವಾಗೋ ಸಂದೀಲಿ, ಎರಡೂ ವಾಲ್ವ್ ಚೂರುಚೂರು ತೆರೆದಿರೋ ಓವರ್‌ಲ್ಯಾಪ್ ಹೊತ್ತಲ್ಲಿ, ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಸುಮಾರು 10 ಡಿಗ್ರಿ ಮುಂಚೆ ಎಕ್ಸಾಸ್ಟಿಗೆ, ತುದಿ ದಾಟಿ ಸುಮಾರು 10 ಡಿಗ್ರಿ ಆದ್ಮೇಲೆ ಇನ್‌ಟೇಕಿಗೆ. ಹಾಗಾಗಿ ಡ್ಯುರೇಶನ್ನು, ಲೋಬ್ ಸೆಪರೇಶನ್ನು, ಕ್ಯಾಮನ್ನ ಎಷ್ಟು ಮುಂದೆ ಕೂರಿಸಿದೀರಿ ಅನ್ನೋದು ಲಿಫ್ಟಿನಷ್ಟೇ ಮುಖ್ಯ, ನಾಲ್ಕು ಡಿಗ್ರಿ ಅಡ್ವಾನ್ಸ್ ಮಾಡಿದ್ರೆ ಇನ್‌ಟೇಕ್ ವಾಲ್ವು ಪಿಸ್ಟನ್ನಿಗೆ ಹತ್ರ ಬರತ್ತೆ. ಕನಿಷ್ಠ ಇನ್‌ಟೇಕಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಅಂತ ರೂಢಿ, ಎಕ್ಸಾಸ್ಟಿಗೆ ಜಾಸ್ತಿ ಯಾಕಂದ್ರೆ ಅಲ್ಲಿ ಮುಚ್ಚಿಕೊಳ್ತಿರೋ ವಾಲ್ವನ್ನ ಪಿಸ್ಟನ್ನೇ ಅಟ್ಟಿಸ್ಕೊಂಡು ಬರತ್ತೆ, ಸ್ವಲ್ಪ ತೇಲಿದ್ರೂ ಡಿಕ್ಕಿ. ಅಳೆಯೋಕೆ ಪಿಸ್ಟನ್ ಮೇಲೆ ಜೇಡಿ ಇಟ್ಟು ಕೈಯಲ್ಲಿ ತಿರುಗಿಸೋದೂ ಉಂಟು, ನಾನು ಮೆತ್ತನೆ ಸ್ಪ್ರಿಂಗ್ ಹಾಕಿ ಡಯಲ್ ಗೇಜ್ ಇಟ್ಟು ಒಂದೊಂದೇ ಡಿಗ್ರಿ ನೋಡ್ತೀನಿ. ಹೈಡ್ರಾಲಿಕ್ ಲಿಫ್ಟರ್ ಇಟ್ಟು ಅಳೆದ್ರೆ ಅದು ಒಳಗೊಳಗೇ ಕುಸಿದು ಜಾಗ ಜಾಸ್ತಿ ಇದೆ ಅಂತ ಸುಳ್ಳು ಹೇಳತ್ತೆ, ಅಳತೆಗೆ ಸಾಲಿಡ್ ಲಿಫ್ಟರ್ ಬಳಸಿ. ನಾನು ಕಲಿಯೋ ಕಾಲದಲ್ಲಿ ಇದೇ ಸುಳ್ಳು ನಂಬಿ ಎರಡು ವಾಲ್ವ್ ಬಗ್ಗಿಸ್ಕೊಂಡಿದೀನಿ. ಜಾಗ ಇಲ್ಲಾಂದ್ರೆ ಪಿಸ್ಟನ್ನಿಗೆ ಗುಳಿ ಹೊಡೆಸ್ಬೇಕು ಇಲ್ಲಾ ಚಿಕ್ಕ ಕ್ಯಾಮ್, ಮೂರನೇ ದಾರಿ ನಂಗ್ ಗೊತ್ತಿಲ್ಲ. ವೇರಿಯಬಲ್ ವಾಲ್ವ್ ಟೈಮಿಂಗ್ ಇರೋ ಎಂಜಿನ್ನಲ್ಲಿ ಫೇಸರ್ ಕ್ಯಾಮನ್ನ ತಾನೇ ತಿರುಗಿಸತ್ತೆ, ಹಾಗಾಗಿ ಅದು ಹೋಗೋ ಕೊನೇ ತುದೀಲೂ ಅಳೀಬೇಕು, ದೊಡ್ಡ ಕ್ಯಾಮಿಗೆ ಫೇಸರ್ ಲಿಮಿಟರ್ ಪಟ್ಟಿಗೆ ಸೇರೋದು ಇದಕ್ಕೇ. ಸಿಲಿಂಡರ್ ಆಫ್ ಮಾಡೋ ವ್ಯವಸ್ಥೆ ಇರೋ ಎಂಜಿನ್ ಆದ್ರೆ ಹೆಚ್ಚಿನ ಕ್ಯಾಮ್‌ಗಳಿಗೆ ಆ ವಿಶೇಷ ಲಿಫ್ಟರ್‌ಗಳನ್ನೂ ತೆಗೆದು ಮಾಮೂಲಿ ಲಿಫ್ಟರ್ ಹಾಕ್ಬೇಕು, ಇಸಿಯುನಲ್ಲೂ, ಅಂದ್ರೆ ಎಂಜಿನ್ ಕಂಪ್ಯೂಟರಲ್ಲೂ, ಆ ವ್ಯವಸ್ಥೆನ ಆಫ್ ಮಾಡ್ಬೇಕು.

ಕ್ಯಾಮ್ ಹೆಡ್ ಮೇಲೇ ಇರೋ ಎಂಜಿನ್ನಲ್ಲಿ ಪುಶ್‌ರಾಡ್ ತಲೆನೋವಿಲ್ಲ, ಅಲ್ಲಿ ಶಿಮ್ ಲೆಕ್ಕ ಪೂರ್ತಿ ಹೊಸದಾಗಿ ಮಾಡ್ಬೇಕು. ಬಕೆಟ್ (ವಾಲ್ವ್ ಮೇಲೆ ಬೋರಲಾಗಿ ಕೂರೋ ಬಟ್ಟಲು) ಮೇಲ್ಗಡೆ ಶಿಮ್ ಕೂರೋ ಥರ ಇದ್ರೆ ಚೂಪಾದ ಲೋಬು ಮೇಲಿನ ಆರ್‌ಪಿಎಂನಲ್ಲಿ ಶಿಮ್ಮನ್ನ ಹೊರಗೆ ಎಸೀಬಹುದು, ಆಗ ಶಿಮ್ ಒಳಗೆ ಕೂರೋ ಬಕೆಟ್ ಬೇಕಾಗತ್ತೆ. ಲೋಬಿನ ಮೂಗು ಹೆಡ್ಡಿನ ಎರಕಕ್ಕೆ ಉಜ್ಜತ್ತಾ ಅಂತಾನೂ ಒಂದ್ ಸುತ್ತು ತಿರುಗಿಸಿ ನೋಡಿ.

ಹಳೇ ಎಂಜಿನ್ನಿಗೆ ಫ್ಲಾಟಿಂದ ರೋಲರಿಗೆ ಹೋಗೋರಿಗೆ ಎರಡು ಸಣ್ಣ ವಿಷ್ಯ, ಸಣ್ಣದು ಅಂತ ಬಿಟ್ರೆ ಎಂಜಿನ್ನೇ ಹೋಗತ್ತೆ. ಫ್ಲಾಟ್ ಕ್ಯಾಮಿನ ಲೋಬ್ ಓರೆ ಇರೋದ್ರಿಂದ ಕ್ಯಾಮ್ ತಾನಾಗೇ ಹಿಂದಕ್ಕೆ ಒತ್ಕೊಂಡಿರತ್ತೆ, ರೋಲರಲ್ಲಿ ಆ ಓರೆ ಇಲ್ಲ, ಕ್ಯಾಮ್ ಹಿಂದೆ ಮುಂದೆ ಓಡಾಡತ್ತೆ, ತಡೆಯೋಕೆ ಥ್ರಸ್ಟ್ ಪ್ಲೇಟೋ ಕ್ಯಾಮ್ ಬಟನ್ನೋ ಬೇಕು. ಎರಡನೇದು ಡಿಸ್ಟ್ರಿಬ್ಯೂಟರ್ ಗೇರ್, ಸ್ಟೀಲ್ ಬಿಲೆಟ್ ಕ್ಯಾಮಿನ ಗೇರಿಗೆ ಮಾಮೂಲಿ ಎರಕದ ಗೇರ್ ಕೂಡಿಸಿದ್ರೆ ಬೇಗ ತಿಂದ್ಹಾಕತ್ತೆ, ಕ್ಯಾಮ್ ಮಾಡಿದೋರು ಯಾವ ಲೋಹದ ಗೇರ್ ಹೇಳಿದಾರೋ ಅದೇ.

ವಾಲ್ವ್‌ಟ್ರೇನ್ ಆಚೆಗೆ ನನ್ನ ಪಟ್ಟೀಲಿ ಯಾವಾಗ್ಲೂ ಇರೋದು ಟ್ಯೂನ್, ಅಂದ್ರೆ ಇಸಿಯು ಲೆಕ್ಕನ ಹೊಸ ಕ್ಯಾಮಿಗೆ ಹೊಂದಿಸೋದು, ಅದೊಂದೇ. ಓವರ್‌ಲ್ಯಾಪ್ ಜಾಸ್ತಿ ಆದ್ರೆ ಐಡಲಲ್ಲಿ ವ್ಯಾಕ್ಯೂಮ್ ಬೀಳತ್ತೆ, ಸುಡದ ಗಾಳಿ ಎಕ್ಸಾಸ್ಟಿಗೆ ನುಸುಳಿ ಆಕ್ಸಿಜನ್ ಸೆನ್ಸರ್ "ಪೆಟ್ರೋಲ್ ಕಮ್ಮಿ ಇದೆ" ಅಂತ ತಪ್ಪು ತಿಳ್ಕೊಳತ್ತೆ, ಇಸಿಯು ಸುಮ್ನೆ ಜಾಸ್ತಿ ಸುರಿಯತ್ತೆ. ಬ್ರೇಕ್ ಬೂಸ್ಟರ್ ಇದೇ ವ್ಯಾಕ್ಯೂಮ್ ಮೇಲೆ ನಿಂತಿರೋದ್ರಿಂದ ಪೆಡಲ್ ಗಟ್ಟಿಯಾದ್ರೆ ವ್ಯಾಕ್ಯೂಮ್ ಪಂಪ್ ಸೇರಿಸ್ಲೇಬೇಕು, ಇದನ್ನ ಆಮೇಲ್ ನೋಡೋಣ ಅಂತ ಬಿಡೋ ಹಾಗಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಜಾಸ್ತಿ ಸ್ಟಾಲ್ ಇರೋ (ಅಂದ್ರೆ ಮೇಲಿನ ಆರ್‌ಪಿಎಂನಲ್ಲಿ ಹಿಡಿಯೋ) ಕನ್ವರ್ಟರು, ಇನ್‌ಟೇಕ್ ತಡವಾಗಿ ಮುಚ್ಚೋದ್ರಿಂದ ಕಳ್ಕೊಂಡಿದ್ದನ್ನ ತುಂಬೋಕೆ ಜಾಸ್ತಿ ಕಂಪ್ರೆಶನ್, ಇವೆಲ್ಲ ಕ್ಯಾಮ್ ಸೈಜ್ ಮೇಲೆ. ಈ ಸಾಲು ಉದ್ದ ಆಗ್ತಾ ಹೋದ್ರೆ ಕ್ಯಾಮೇ ದೊಡ್ಡದಾಯ್ತು ಅಂತ ತಿಳ್ಕೊಳ್ಳಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಆ ನಾಲ್ಕು ಡಬ್ಬದವರ ಕಥೆ ಏನಾಯ್ತು ಅಂದ್ರೆ, ರಾಕರು, ಟೈಟಾನಿಯಮ್ ರಿಟೇನರು ಎರಡೂ ವಾಪಸ್ ಹೋಯ್ತು, ಡಬಲ್ ಸ್ಪ್ರಿಂಗು ಆ ಫ್ಲಾಟ್ ಕ್ಯಾಮಿಗೆ ತೀರಾ ಜಾಸ್ತಿ ಆದ್ರಿಂದ ಅದೂ ಹೋಗಿ ಕಾರ್ಡಲ್ಲಿ ಹೇಳಿದ ಸ್ಪ್ರಿಂಗ್ ಸೆಟ್ ಬಂತು, ಹೊಸ ಲಿಫ್ಟರ್ ಬಂತು, ಅಳೆದು ನೋಡಿದ್ಮೇಲೆ ಚೂರು ಉದ್ದದ ಪುಶ್‌ರಾಡ್ ಬಂತು, ಜೊತೆಗೆ ಚೈನು, ಗ್ಯಾಸ್ಕೆಟ್ಟು, ಹೊಸ ಕ್ಯಾಮ್ ಪಳಗಿಸೋಕೆ ಜಿಂಕ್ ಜಾಸ್ತಿ ಇರೋ ಬ್ರೇಕ್‌ಇನ್ ಆಯಿಲ್. ಶುರು ಮಾಡೋ ಮುಂಚೆ ಆಯಿಲ್ ಪ್ರೆಶರ್ ಬರಿಸ್ಕೊಂಡು, ಟೈಮಿಂಗು ಪೆಟ್ರೋಲು ಎಲ್ಲಾ ಸರಿ ಇಟ್ಕೊಂಡು, ಸ್ಟಾರ್ಟ್ ಆದ ತಕ್ಷಣ ಐಡಲಿಗೆ ಬಿಡದೆ ಸುಮಾರು 2000ದಿಂದ 2500 ಆರ್‌ಪಿಎಂ ನಡುವೆ ಏರಿಳಿಸ್ತಾ ಅರ್ಧ ಗಂಟೆ ಓಡಿಸಿದ್ವಿ, ಕ್ರ್ಯಾಂಕ್ ಎರಡು ಸುತ್ತು ಹಾಕಿದ್ರೆ ಕ್ಯಾಮ್ ಒಂದೇ ಸುತ್ತು, ಐಡಲಲ್ಲಿ ಆ ವೇಗಕ್ಕೆ ಲೋಬ್ ಮೇಲೆ ಎರಚಿ ಬೀಳೋ ಆಯಿಲ್ ಸಾಲಲ್ಲ. ಆಮೇಲೆ ಆಯಿಲ್ ಇಳಿಸಿ ಫಿಲ್ಟರ್ ಕುಯ್ದು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದ್ವಿ. ಜೋಡಿಸೋವಾಗ ಬಳಿದಿದ್ದ ಕಪ್ಪು ಪೇಸ್ಟ್ ಒಂಚೂರು ಇತ್ತು, ಮಿಂಚೋ ಚೂರು ಒಂದೂ ಇರ್ಲಿಲ್ಲ.