ಹಾರ್ಮೋನು ಬಂದರೆ ಸಾಲದು, ರಿಸೆಪ್ಟರ್ ಕಾದಿರಬೇಕು

ಕೊಡಗಿನ ಕಾಫಿ ತೋಟದಲ್ಲಿ ಹೂಮಳೆ ಬಿದ್ದೊಡನೆ ಎಲ್ಲ ಮೊಗ್ಗೂ ಅರಳುವುದಿಲ್ಲ. ಬಲಿತು, ಬಿಸಿಲಿಗೆ ಬಾಡಿ ಕಾದಿದ್ದ ಮೊಗ್ಗೇ ಅರಳಬೇಕು; ಎಳೆಯದಕ್ಕೆ ಆ ಮಳೆ ಬರೀ ನೀರು. ಭ್ರೂಣದ ಶ್ವಾಸಕೋಶವನ್ನು ಬಲಿಸುವ ಹಾರ್ಮೋನಾದ ಕಾರ್ಟಿಸೋಲ್ ಅಲ್ಲಿಗೆ ತಲುಪುವುದೂ ಹೀಗೇ. ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎನ್ನುವುದರ ಜೊತೆಗೆ, ಜೀವಕೋಶದಲ್ಲಿ ಅದನ್ನು ಹಿಡಿದು ಕೆಲಸಕ್ಕೆ ಹಚ್ಚುವ ಪ್ರೋಟೀನು, ಅಂದರೆ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್, ಇದೆಯೇ ಎಂದೂ ಕೇಳಬೇಕು. ಈ ರಿಸೆಪ್ಟರ್‌ನ ಜೀನನ್ನು ತೆಗೆದ ಇಲಿಮರಿಗಳಲ್ಲಿ ಹೆಚ್ಚಿನವು ಶ್ವಾಸಕೋಶ ಬಿಚ್ಚಿಕೊಳ್ಳದೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸಾಯುತ್ತವೆ.

ರಿಸೆಪ್ಟರ್‌ಗೆ ಮುಂಚೆ ಎರಡು ಕಿಣ್ವಗಳ ಕಾವಲಿದೆ. 11-ಬೀಟಾ-ಎಚ್‌ಎಸ್‌ಡಿ-1 ಎಂಬ ಮೊದಲನೆಯದು ಶ್ವಾಸಕೋಶದಲ್ಲೇ ನಿಷ್ಕ್ರಿಯ ಕಾರ್ಟಿಸೋನನ್ನು ಕಾರ್ಟಿಸೋಲ್ ಮಾಡುತ್ತದೆ. ಎರಡನೆಯ ನಮೂನೆಯದು, ಮುಖ್ಯವಾಗಿ ಮಾಸಿನಲ್ಲಿ, ತಾಯಿಯ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುತ್ತದೆ. ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿದ್ದರೆ, 24ರಿಂದ 34 ವಾರದೊಳಗೆ, ಕಾರ್ಟಿಸೋಲಿನಂತೆ ಕೆಲಸ ಮಾಡುವ ಔಷಧ ಡೆಕ್ಸಾಮೆಥಸೋನನ್ನು ತಾಯಿಗೆ 6 ಮಿ.ಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಡುವುದೇಕೆಂದು ಇಲ್ಲಿ ತಿಳಿಯುತ್ತದೆ: ಈ ಕಿಣ್ವ ಡೆಕ್ಸಾಮೆಥಸೋನನ್ನು ಅಷ್ಟಾಗಿ ಒಡೆಯದು. ಅದೇ ಬಗೆಯ ಪ್ರೆಡ್ನಿಸೋಲೋನ್ ಹೆಚ್ಚಾಗಿ ಮಾಸಿನಲ್ಲೇ ಸೋತುಹೋಗುತ್ತದೆ.

ಹೃದಯದ ಕತೆ ಬೇರೆ. ಮೂತ್ರಪಿಂಡದಲ್ಲಿ ಎರಡನೆಯ ಕಿಣ್ವ ಕಾವಲಿರುವುದರಿಂದ ಕಾರ್ಟಿಸೋಲೂ ಕೂರಬಲ್ಲ ಇನ್ನೊಂದು ರಿಸೆಪ್ಟರ್ ಆದ ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್, ಉಪ್ಪಿನ ಸಮತೋಲ ಕಾಯುವ ಹಾರ್ಮೋನಾದ ಅಲ್ಡೋಸ್ಟಿರೋನಿಗೆ ಸಿಗುತ್ತದೆ. ಹೃದಯದ ಸ್ನಾಯುವಿನಲ್ಲಿ ಆ ಕಿಣ್ವ ಬಹಳ ಕಡಿಮೆ. ಹಾಗಾಗಿ ಆ ರಿಸೆಪ್ಟರ್‌ನಲ್ಲೂ ಕಾರ್ಟಿಸೋಲೇ ಕೂರುತ್ತದೆ. ಅದೂ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್‌ಗಿಂತ ಬಿಗಿಯಾಗಿ. ಕಾರ್ಟಿಸೋಲ್ ಕಡಿಮೆಯಿದ್ದಾಗ ಮೊದಲು ತುಂಬುವುದು ಇದೇ.

ಈ ರಿಸೆಪ್ಟರ್ ಜೀನುಗಳ ಅಭಿವ್ಯಕ್ತಿಯನ್ನು, ಅಂದರೆ ಅವುಗಳಿಂದ ಎಷ್ಟು ಎಂಆರ್‌ಎನ್‌ಎ ನಕಲು ತಯಾರಾಗಿದೆ ಎಂಬುದನ್ನು, ಆ ನಕಲಿನಿಂದ ಮಾಡಿದ ಡಿಎನ್‌ಎಯನ್ನು ಸೈಕಲಿಗೆ ಎರಡರಷ್ಟು ಹೆಚ್ಚಿಸುತ್ತ ಹೋಗುವ ವಿಧಾನವಾದ ಕ್ಯೂಪಿಸಿಆರ್‌ನಲ್ಲಿ ಸಾಮಾನ್ಯವಾಗಿ ಅಳೆಯುತ್ತಾರೆ. ತಪ್ಪುಗಳು ಹೆಚ್ಚು ನುಸುಳುವುದು ಇಲ್ಲೇ, ಆದ್ದರಿಂದ ಒಂದು ಲೆಕ್ಕ ಮಾಡೋಣ (ಅಂಕಿಗಳು ಅಭ್ಯಾಸಕ್ಕೆ ಮಾತ್ರ). ಎಳೆಯ ಶ್ವಾಸಕೋಶದಲ್ಲಿ ರಿಸೆಪ್ಟರ್‌ನ ಸಿಟಿ (ಸಂಕೇತ ಕಾಣಲು ಬೇಕಾದ ಸೈಕಲ್‌ಗಳು; ನಕಲು ಕಡಿಮೆಯಿದ್ದಷ್ಟೂ ಇದು ಹೆಚ್ಚು) 25, ಹೋಲಿಕೆಗೆಂದು ಅಳೆಯುವ, ಬದಲಾಗಬಾರದ ಆಧಾರ ಜೀನಿನದು 18, ವ್ಯತ್ಯಾಸ 7. ಬಲಿತದ್ದರಲ್ಲಿ 24 ಮತ್ತು 18, ವ್ಯತ್ಯಾಸ 6. ಒಂದು ಸೈಕಲ್ ಇಳಿದಿದೆ, ಅಂದರೆ ಅಭಿವ್ಯಕ್ತಿ ಎರಡರಷ್ಟು. ಈಗ ಆಧಾರ ಜೀನೇ ಬೆಳವಣಿಗೆಯೊಂದಿಗೆ ಕುಸಿದು ಅದರ ಸಿಟಿ 19ಕ್ಕೆ ಏರಿತೆನ್ನಿ: ವ್ಯತ್ಯಾಸ 5, ಉತ್ತರ ನಾಲ್ಕು ಪಟ್ಟು! ರಿಸೆಪ್ಟರ್ ಬದಲಾಗಿದ್ದು ಮೊದಲಿನಷ್ಟೇ, ಉತ್ತರ ಮಾತ್ರ ಹಿಗ್ಗಿತು. ಬೆಳೆಯುತ್ತಿರುವ ಅಂಗದಲ್ಲಿ ಒಂದೇ ಆಧಾರ ಜೀನನ್ನು ನೆಚ್ಚುವುದು ಮೂರ್ಖತನವೇ ಸರಿ. ಕನಿಷ್ಠ ಎರಡು-ಮೂರನ್ನು ಎಲ್ಲ ವಯಸ್ಸಿನ ಮಾದರಿಗಳಲ್ಲೂ ಪರೀಕ್ಷಿಸಿ, ಅಲುಗದವನ್ನು ಆರಿಸಬೇಕು. ಪ್ರೈಮರ್‌ನ (ನಕಲನ್ನು ಶುರುಮಾಡಿಸುವ ಡಿಎನ್‌ಎ ತುಣುಕಿನ) ದಕ್ಷತೆ ಶೇ. 90ರಿಂದ 110ರೊಳಗಿರಲಿ. ಇಲ್ಲದಿದ್ದರೆ ಸೈಕಲಿಗೆ ಎರಡರಷ್ಟು ಎಂಬ ಊಹೆಯೇ ನಿಲ್ಲದು.

ಅಂಗಾಂಶ ತೆಗೆದ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ಮೈನಸ್ 80 ಡಿಗ್ರಿಯಲ್ಲಿಡಿ. ಮಡಿಕೇರಿಯ ಮಳೆಗಾಲದಂತೆ ಕರೆಂಟು ಪದೇಪದೇ ಹೋಗುವ ಕಡೆ ಫ್ರೀಜರ್‌ಗೆ ಬ್ಯಾಕಪ್ ಇರಲೇಬೇಕು. ಮಾದರಿ ಒಮ್ಮೆ ಕರಗಿದರೆ ಆರ್‌ಎನ್‌ಎ ಒಡೆಯುತ್ತದೆ. 260/280 ಅನುಪಾತ (ಆ ಎರಡು ನ್ಯಾನೊಮೀಟರ್ ತರಂಗಾಂತರಗಳಲ್ಲಿ ಮಾದರಿ ಹೀರುವ ಬೆಳಕಿನ ಹೋಲಿಕೆ) 2ರ ಹತ್ತಿರ ಬಂತೆಂದು ನಿಶ್ಚಿಂತರಾಗಬೇಡಿ. ಅದು ಪ್ರೋಟೀನ್ ಬೆರಕೆಯನ್ನು ಹೇಳುತ್ತದೆ, ಆರ್‌ಎನ್‌ಎ ಒಡೆದಿದೆಯೇ ಎಂಬುದನ್ನಲ್ಲ.

ಇನ್ನೊಂದು. ಶ್ವಾಸಕೋಶದ ತುಂಡೊಂದರಲ್ಲಿ ಉಸಿರುನಾಳ, ರಕ್ತನಾಳ, ಗಾಳಿಗೂಡಿನ ಗೋಡೆ ಎಲ್ಲ ಬೆರೆತಿರುತ್ತವೆ. ವಯಸ್ಸಿನೊಂದಿಗೆ ಅವುಗಳ ಪಾಲು ಬದಲಾದರೆ, ಯಾವ ಕೋಶದಲ್ಲೂ ರಿಸೆಪ್ಟರ್ ಹೆಚ್ಚದೆಯೇ ಸರಾಸರಿ ಏರಿದಂತೆ ಕಾಣುತ್ತದೆ. ಅದನ್ನು ಬಿಡಿಸಿ ನೋಡಲು ಎಂಆರ್‌ಎನ್‌ಎ ಯಾವ ಕೋಶದಲ್ಲಿದೆಯೆಂದು ತೋರಿಸುವ ಇನ್ ಸಿಟು ಹೈಬ್ರಿಡೈಸೇಶನ್ ಮಾಡಬೇಕು; ಎಂಆರ್‌ಎನ್‌ಎ ನಿಜಕ್ಕೂ ಪ್ರೋಟೀನಾಗಿದೆಯೇ ಎಂದು ತಿಳಿಯಲು ಪ್ರೋಟೀನನ್ನೇ ಅಳೆಯುವ ವೆಸ್ಟರ್ನ್ ಬ್ಲಾಟ್.